ಒಳಮೈಯ ಗೀರು

ಮೊದಲು ಕಿರ್ರೆಂದು ಉದ್ದಕ್ಕೆ ಎಳೆದ ಒಂದು ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟಕ್.

ಕೆಳಗಿನ ಗಾಜಿನ ಅಂಗಡಿಯಲ್ಲಿ ದಿನ ಶುರುವಾಗುವುದೇ ಹೀಗೆ. ಮುದುಕ ಮೇಜಿನ ಮೇಲೆ ಗಾಜು ಮಲಗಿಸಿ, ವಜ್ರದ ಮೊನೆಯಿಂದ ಗೆರೆ ಎಳೆದು, ಗೆರೆಯ ತುದಿಗೆ ಒಂದು ಏಟು ಕೊಡುತ್ತಾನೆ. ಗಾಜು ಗೆರೆ ಹಿಡಿದು ಎರಡಾಗುತ್ತದೆ. ಮೇಲಿನ ಕೋಣೆಯಲ್ಲಿ ಒಲೆಯ ಮುಂದೆ ನಿಂತ ಚಿಕ್ಕಮ್ಮನಿಗೆ ಎಷ್ಟೋ ವರ್ಷಗಳಿಂದ ಅದೇ ಗಡಿಯಾರ. ಮೊದಲ ಟಕ್‌ಗೆ ನೀರು ಕಾದಿರಬೇಕು, ಎರಡನೆಯದಕ್ಕೆ ಬುತ್ತಿ ಕಟ್ಟಿರಬೇಕು. ಈಚೆಗೆ ಮಾತ್ರ ಹಾಗಲ್ಲ. ಕಿರ್ರೆಂದ ಕೂಡಲೇ ಅವಳ ಕೈ ಇದ್ದಲ್ಲೇ ನಿಲ್ಲುತ್ತದೆ. ಟಕ್ ಎನ್ನುವವರೆಗೆ ಉಸಿರು ಬಿಡುವುದಿಲ್ಲ.

“ಆ ತಾತನಿಗೆ ನಿದ್ದೆನೇ ಬರಲ್ವಾ?” ಹೊದಿಕೆಯೊಳಗಿಂದ ಗುಬ್ಬಿ ಗೊಣಗಿದಳು.

“ಅವರಿಗೆ ಬರುತ್ತೆ. ನಿನಗೆ ಬಿಡಲ್ಲ ಅಷ್ಟೇ. ಏಳು.”

ಗುಬ್ಬಿ ಅವಳ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಸೊಂಟಕ್ಕೂ ಬರದಿದ್ದ ಕೂಸು. ಈಗ ಹಲ್ಲಿನ ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ಮುಂದಿನ ಮೇಜಿನ ಹಿಂದೆ ಕೂತು, ಬಂದವರ ಹೆಸರು ಕೇಳಿ, ಫೋನ್ ಎತ್ತಿ, ಅಳುವ ಮಕ್ಕಳಿಗೆ ಮೀನು ತೋರಿಸುವ ಕೆಲಸ. ಇಸ್ತ್ರಿ ಮಾಡಿದ ಬಟ್ಟೆ, ಕತ್ತಿನವರೆಗೆ ಕತ್ತರಿಸಿದ ಕೂದಲು. ಅಲ್ಲಿ ತನ್ನನ್ನು ಗುಬ್ಬಿ ಎಂದು ಕರೆಯಕೂಡದೆಂದು ಅವಳ ಕಟ್ಟಪ್ಪಣೆ. ಚಿಕ್ಕಮ್ಮ ಕರೆಯುವುದಿಲ್ಲ. ಆದರೆ ಗುಬ್ಬಿ ಮರೆತು ಎಲ್ಲರೆದುರು ಒಮ್ಮೆ “ಚಿಕ್ಕಮ್ಮಾ” ಎಂದು ಕೂಗಿದ್ದೇ ತಡ, ಡಾಕ್ಟರಮ್ಮನಿಂದ ಹಿಡಿದು ನೆಲ ಒರೆಸುವವಳವರೆಗೆ ಇಡೀ ಆಸ್ಪತ್ರೆಗೆ ಅವಳು ಚಿಕ್ಕಮ್ಮನಾದಳು. ಅಲ್ಲಿಂದ ಊರಿನ ಉಳಿದ ಕಡೆಗೂ ಆ ಹೆಸರು ಅವಳ ಚೀಲದ ಜೊತೆಯೇ ಹೋಯಿತು.

ಚಿಕ್ಕಮ್ಮನ ಕಸುಬು ಮೀನಿನ ತೊಟ್ಟಿ ತೊಳೆಯುವುದು. ಹಿಂದೆ ಮೀನು ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅಂಗಡಿ ಮುಚ್ಚಿತು, ಗಿರಾಕಿಗಳ ಮನೆಯ ತೊಟ್ಟಿಗಳಲ್ಲಿ ಪಾಚಿ ಬೆಳೆಯುವುದು ನಿಲ್ಲಲಿಲ್ಲ. ಒಂದೊಂದೇ ಬಾಗಿಲು ತಟ್ಟಿದಳು. ವಕೀಲರ ಕಚೇರಿ, ಹೋಟೆಲಿನ ಹಜಾರ, ಮಕ್ಕಳಿಲ್ಲದ ದಂಪತಿಯ ದೊಡ್ಡ ಮನೆ, ಹಲ್ಲಿನ ಆಸ್ಪತ್ರೆ. ಚೀಲದಲ್ಲಿ ನೀರೆಳೆಯುವ ಕೊಳವೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಅವಧಿ ಮುಗಿದ ಒಂದು ಪ್ಲಾಸ್ಟಿಕ್ ಕಾರ್ಡು, ಕೆಂಪು ದಾರದ ಉಂಡೆ, ಮತ್ತು ಬಟ್ಟೆಯಲ್ಲಿ ಸುತ್ತಿದ ಒಂದು ಜೋಡಿ ಮ್ಯಾಗ್ನೆಟ್.

ಮ್ಯಾಗ್ನೆಟ್ಟಿನ ಕೆಲಸ ನೋಡುವವರಿಗೆ ಆಟದಂತೆ ಕಾಣುತ್ತದೆ. ಒಂದು ತುಂಡು ಗಾಜಿನ ಒಳಗೆ, ಇನ್ನೊಂದು ಹೊರಗೆ. ಹೊರಗಿನದನ್ನು ಸರಿಸಿದರೆ ಒಳಗಿನದು ಸಾಕಿದ ನಾಯಿಯ ಹಾಗೆ ಹಿಂದೆಯೇ ಬಂದು ಪಾಚಿ ಒರೆಸುತ್ತದೆ. ಕೈ ಒದ್ದೆಯಾಗುವುದಿಲ್ಲ, ಮೀನು ಬೆದರುವುದಿಲ್ಲ. ಆದರೆ ಒಳಗಿನ ತುಂಡಿನ ಬಟ್ಟೆಗೂ ಗಾಜಿಗೂ ನಡುವೆ ಮರಳಿನ ಒಂದೇ ಒಂದು ಕಣ ಸಿಕ್ಕಿಕೊಂಡರೆ ಮುಗಿಯಿತು. ಎರಡು ಮ್ಯಾಗ್ನೆಟ್ಟುಗಳ ಸೆಳೆತ ಆ ಕಣವನ್ನು ಗಾಜಿನ ಮೈಗೆ ಒತ್ತಿ ಹಿಡಿಯುತ್ತದೆ. ಮನುಷ್ಯನ ಕೈ ಅಷ್ಟು ಗಟ್ಟಿಯಾಗಿ ಒತ್ತಲಾರದು. ಆಮೇಲೆ ನೀವು ಒರೆಸುತ್ತಿಲ್ಲ, ಗೀರುತ್ತಿದ್ದೀರಿ.

ಅದಕ್ಕೇ ಚಿಕ್ಕಮ್ಮನಿಗೆ ತನ್ನವೇ ಆದ ಕ್ರಮಗಳಿದ್ದವು. ಮರಳಿನಿಂದ ಒಂದು ಅಂಗೈ ಮೇಲಕ್ಕೇ ಮ್ಯಾಗ್ನೆಟ್ ನಿಲ್ಲಬೇಕು. ಅದರ ಕೆಳಗಿನ ಪಾಚಿಯನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯಬೇಕು. ಪ್ರತಿ ಎಳೆತಕ್ಕೊಮ್ಮೆ ತುಂಡನ್ನು ಮೇಲೆತ್ತಿ ತೊಳೆಯಬೇಕು. ತೊಳೆದ ಮೇಲೆ ಅದರ ಬಟ್ಟೆಯನ್ನು ಕೆಳತುಟಿಗೆ ಮೆಲ್ಲಗೆ ಸವರಿ ನೋಡಬೇಕು. ನೀರಿನಲ್ಲೇ ಕಳೆದ ಬೆರಳುಗಳು ಜಡ್ಡುಗಟ್ಟಿ, ಅವಕ್ಕೆ ಕಣ ತಿಳಿಯುತ್ತಿರಲಿಲ್ಲ. ತುಟಿಗೆ ತಿಳಿಯುತ್ತಿತ್ತು. “ಬಂದಳು ನೋಡಿ, ಮ್ಯಾಗ್ನೆಟ್‌ಗೆ ಮುತ್ತು ಕೊಡೋಳು,” ಎಂದು ಹೋಟೆಲಿನವರು ನಗುತ್ತಿದ್ದರು. “ನಿಮ್ಮ ಮುಖಕ್ಕಿಂತ ಅದು ಚೊಕ್ಕವಾಗಿದೆ,” ಎಂದು ಇವಳೂ ಬಿಡುತ್ತಿರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ದಾರ. ಒಳಗಿನ ತುಂಡಿಗೆ ಕೆಂಪು ದಾರ ಕಟ್ಟಿ ಅದರ ತುದಿಯನ್ನು ತೊಟ್ಟಿಯ ಅಂಚಿನಾಚೆ ಇಳಿಬಿಡಬೇಕು. ಮೂಲೆಯಲ್ಲಿ ಸರಕ್ಕನೆ ತಿರುಗಿಸಿದರೆ ಒಳಗಿನದು ಹಿಡಿತ ಬಿಟ್ಟು ಮರಳಿಗೆ ಬೀಳುತ್ತದೆ. ಆಗ ಯಾರಿಗಾದರೂ ತೋಚುವುದು ಒಂದೇ: ಹೊರಗಿನ ತುಂಡನ್ನು ಕೆಳಕ್ಕೆ ಹಿಡಿದು, ಬಿದ್ದದ್ದನ್ನು ಗಾಜಿಗೆ ಅಂಟಿಸಿಕೊಂಡು ಮೇಲಕ್ಕೆ ಎಳೆಯುವುದು. ಅದು ಬರುತ್ತದೆ. ಮೈತುಂಬ ಮರಳು ಮೆತ್ತಿಕೊಂಡು ಬರುತ್ತದೆ. ದಾರವಿದ್ದರೆ ಗಾಜನ್ನು ತಾಕದೆ ನೀರಿನ ನಡುವಿನಿಂದಲೇ ಎತ್ತಿಬಿಡಬಹುದು.

ಡಾಕ್ಟರಮ್ಮನ ತೊಟ್ಟಿ ಊರಿನ ತೊಟ್ಟಿಗಳಲ್ಲೇ ದೊಡ್ಡದು. ಕಾಯುವ ಕೋಣೆಯ ಹಿಂಗೋಡೆಯ ಉದ್ದಕ್ಕೂ, ಮರದ ಪೀಠದ ಮೇಲೆ ನಿಂತಿತ್ತು. ಅದನ್ನು ಕಟ್ಟಿದವರು ಡಾಕ್ಟರಮ್ಮನ ಗಂಡ. ಗಾಜು ತರಿಸಿ, ಅಂಚಿಗೆ ಅಂಚು ಕೂಡಿಸಿ, ಅಂಟು ಹಾಕಿ, ಮೊದಲ ಬಕೆಟ್ ನೀರನ್ನು ತಾವೇ ಹೊಯ್ದಿದ್ದರಂತೆ. ಅವರು ಹೋಗಿ ಬಹಳ ಕಾಲವಾಯಿತು. ಕೊನೆಯ ರೋಗಿ ಹೋದ ಮೇಲೆ ಡಾಕ್ಟರಮ್ಮ ಕೈಗವಸು ಕಳಚಿ, ಅದರೆದುರು ಒಂದು ಗಳಿಗೆ ಕೂತೇ ಮನೆಗೆ ಹೊರಡುವುದು. ಚಿಕ್ಕಮ್ಮನನ್ನು ಕೆಲಸಕ್ಕಿಟ್ಟ ದಿನ ಅವರು ಕೇಳಿದ್ದು ಒಂದೇ ಮಾತು.

“ಬೇರೆ ಯಾರ ಕೈಗೂ ಕೊಡಬಾರದು. ನಿಮಗೆ ಆಗದಿದ್ರೆ ಪಾಚಿ ಕಟ್ಟಲಿ, ಪರವಾಗಿಲ್ಲ.”

“ಕೊಡಲ್ಲ,” ಎಂದಿದ್ದಳು.

ಆ ಮಾತನ್ನು ಅವಳು ಉಳಿಸಿಕೊಂಡೇ ಬಂದಿದ್ದಳು. ಬಲಗಡೆ ಮೇಲಿನ ಮೂಲೆಯಲ್ಲಿ ಉಗುರಿನಷ್ಟುದ್ದದ ಒಂದು ಹಳೆಯ ಗೀರು ಇತ್ತು, ಮೊದಲ ವಾರದಲ್ಲೇ ಕಣ್ಣಿಗೆ ಬಿದ್ದಿತ್ತು. ಹೊಸ ಕೈಯ ಗಡಿಬಿಡಿಯಲ್ಲಿ ತಾನೇ ಮಾಡಿದ್ದಿರಬೇಕೆಂದು ಬಗೆದು, ಬಾಯಿ ಬಿಡದೆ, ಅದರ ಪ್ರಾಯಶ್ಚಿತ್ತವೆಂಬಂತೆ ಇಷ್ಟು ವರ್ಷ ತುಟಿಗೆ ಮುಟ್ಟಿಸದೆ ಒಂದು ದಿನವೂ ಮ್ಯಾಗ್ನೆಟ್ ಇಳಿಸಿರಲಿಲ್ಲ.

ಹಾಗಿರುವಾಗ ಅವಳಿಗೆ ಜ್ವರ ಬಂತು. ಎದ್ದು ನಿಂತರೆ ಗೋಡೆಯೇ ಓಲಾಡುವಂಥ ಜ್ವರ. ಆಸ್ಪತ್ರೆಗೆ ಮರುದಿನ ಡಾಕ್ಟರಮ್ಮನ ಹಳೆಯ ಗುರುಗಳು ಬರುವುದಿತ್ತು. ಗಾಜಿನ ಮೇಲೆ ಹಸಿರು ಕಟ್ಟಿದೆ ಎಂದು ಗುಬ್ಬಿ ಮಧ್ಯಾಹ್ನ ಬಂದು ಹೇಳಿದಳು.

“ನಾನೇ ಒರೆಸಿಬಿಡ್ಲಾ? ನೀನು ಮಾಡೋದು ಹುಟ್ಟಿದಾಗಿಂದ ನೋಡಿದ್ದೀನಿ.”

ಪಾಚಿ ಕಟ್ಟಲಿ, ಪರವಾಗಿಲ್ಲ ಎಂಬ ಮಾತು ಚಿಕ್ಕಮ್ಮನಿಗೆ ನೆನಪಿತ್ತು. ಆದರೂ ಮ್ಯಾಗ್ನೆಟ್ಟಿನ ಬಟ್ಟೆಗಂಟನ್ನು ತಾನೇ ಕೈಯಾರೆ ಎತ್ತಿ ಕೊಟ್ಟಳು. “ದಾರ ಕಟ್ಟು. ಕೆಳಗಿಳಿಸಬೇಡ. ದಾರ ಮರೀಬೇಡ,” ಎಂದಳು.

ಸಂಜೆ ಗುಬ್ಬಿ ಬಂದಾಗ ಅವಳ ಬಲತೋಳು ಭುಜದವರೆಗೆ ಒದ್ದೆಯಾಗಿತ್ತು. ಮ್ಯಾಗ್ನೆಟ್ಟಿನ ಕೆಲಸದಲ್ಲಿ ತೋಳು ಒದ್ದೆಯಾಗುವುದಿಲ್ಲ.

“ಏನಾಯ್ತೇ?”

“ಏನಿಲ್ಲ. ಮಲಗು.”

ಜ್ವರ ಇಳಿದು ಆಸ್ಪತ್ರೆಗೆ ಹೋದ ಬೆಳಿಗ್ಗೆ ಚಿಕ್ಕಮ್ಮ ಅದನ್ನು ನೋಡಿದಳು. ಮುಂದಿನ ಗಾಜಿನ ಎಡ ಮೂಲೆಯಲ್ಲಿ, ಮರಳಿನಿಂದ ಶುರುವಾಗಿ, ಬಾಗಿ ಮೇಲಕ್ಕೇರಿದ ಬಿಳಿಯ ಗೀರು. ಒಂದು ಗೇಣು ಇದ್ದೀತು. ಹೊರಗಿನಿಂದ ಉಗುರು ಓಡಿಸಿದಳು, ನುಣುಪು. ತೊಟ್ಟಿಯ ಪಕ್ಕಕ್ಕೆ ಬಂದು ತೋಳು ಇಳಿಸಿ ಒಳಗಿನಿಂದ ಓಡಿಸಿದಳು. ಉಗುರು ಸಿಕ್ಕಿ ನಿಂತಿತು. ತಲೆಯೆತ್ತಿದಾಗ ಗೀರಿನ ಇನ್ನೊಂದು ಬದಿಯಲ್ಲಿ, ಗಾಜಿನಾಚೆ, ಗುಬ್ಬಿಯ ಬರಿಗತ್ತು ಕಂಡಿತು. ಮುಂದಿನ ಮೇಜಿನ ಕುರ್ಚಿ ತೊಟ್ಟಿಗೆ ಬೆನ್ನು ಮಾಡಿ, ಗಾಜಿಗೆ ತಾಗುವಷ್ಟು ಹತ್ತಿರವೇ ಇತ್ತು. ಅವಳು ಕೂತರೆ ಅವಳ ಕತ್ತು ಸರಿಯಾಗಿ ಆ ಎತ್ತರಕ್ಕೆ ಬರುತ್ತಿತ್ತು.

ಆಸ್ಪತ್ರೆಯ ಹಿಂದಿನ ಮೋರಿಯ ಹತ್ತಿರ ಗುಬ್ಬಿಯನ್ನು ನಿಲ್ಲಿಸಿಕೊಂಡಳು.

“ದಾರ ಎಲ್ಲಿತ್ತು?”

“ಗಿಡಕ್ಕೆ ಸುತ್ಕೋತಿತ್ತು. ಬಿಚ್ಚಿಟ್ಟೆ. ಬಿತ್ತು. ಎಳೆದೆ. ಗೀರು ಕಂಡ ಮೇಲೆ ಕೈ ಹಾಕಿ ತೆಗೆದೆ.” ಗುಬ್ಬಿಯ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. “ಹೇಳಿದ್ರೆ ನನ್ನನ್ನ ಇಟ್ಕೊಳ್ತಾರಾ? ಅದೂ ಈ ತೊಟ್ಟಿ. ನೀನೇ ಹೇಳು.”

ಚಿಕ್ಕಮ್ಮ ಒಳಗೆ ಹೋಗಿ ತೊಟ್ಟಿಯ ನಡುವಿನಿಂದ ಅಗಲ ಎಲೆಯ ಗಿಡವೊಂದನ್ನು ಕಿತ್ತು, ಆ ಮೂಲೆಗೆ ನೆಟ್ಟು, ಬೇರಿನ ಮೇಲೆ ಮರಳು ಒತ್ತಿದಳು. ಗೀರು ಮರೆಯಾಯಿತು. ಡಾಕ್ಟರಮ್ಮ ಅತ್ತ ಬಂದು, “ಅಲ್ಲಿ ಗಿಡ ಚೆನ್ನಾಗಿ ಕಾಣುತ್ತೆ ಚಿಕ್ಕಮ್ಮ,” ಎಂದರು. ಅವಳು ನೆಲ ಒರೆಸುತ್ತಾ ಹೂಂಗುಟ್ಟಿದಳು.

ಅಷ್ಟಕ್ಕೇ ನಿಂತಿದ್ದರೆ ಗೀರು ಗೀರಾಗಿಯೇ ಉಳಿಯುತ್ತಿತ್ತೇನೋ. ಆದರೆ ಆಸ್ಪತ್ರೆಯನ್ನು ದೊಡ್ಡದು ಮಾಡುವ ಕೆಲಸ ಶುರುವಾಯಿತು. ಪಕ್ಕದ ಕೋಣೆಯಲ್ಲಿ, ಅದೇ ಹಿಂಗೋಡೆಯ ಆಚೆ ಮಗ್ಗುಲಿನಲ್ಲಿ, ಗೋಡೆ ಕೊರೆಯುವ ಯಂತ್ರ ಬಂದು ಕೂತಿತು. ಅದು ಗುರ್ರೆಂದಾಗ ತೊಟ್ಟಿಯ ನೀರಿನ ಮೇಲೆ ಸಣ್ಣ ಸಣ್ಣ ನೆರಿಗೆಗಳು ಏಳುತ್ತಿದ್ದವು. ಮಕ್ಕಳು ಬೆರಳು ತೋರಿಸಿ ನಗುತ್ತಿದ್ದರು. ಮೀನುಗಳು ಮಾತ್ರ ಎಡ ಮೂಲೆಯನ್ನು ಬಿಟ್ಟವು. ದೊಡ್ಡ ಕಪ್ಪು ಮೀನು ಆ ಗಿಡದ ಹತ್ತಿರದವರೆಗೆ ಬಂದು, ಅಲ್ಲಿ ಕಾಣದ ಗೋಡೆಯಿದ್ದಂತೆ, ತಿರುಗಿ ಹೋಗುತ್ತಿತ್ತು.

ಚಿಕ್ಕಮ್ಮ ಎಲೆ ಸರಿಸಿ ನೋಡಿದಳು. ಬಿಳಿಯ ಗೀರಿನ ಮೇಲ್ತುದಿಗೆ ಇನ್ನೊಂದು ಎಳೆ ಸೇರಿತ್ತು. ಅದು ಬಿಳಿಯಾಗಿರಲಿಲ್ಲ. ನೇರವಾಗಿ ನೋಡಿದರೆ ಕಾಣುತ್ತಲೇ ಇರಲಿಲ್ಲ. ತಲೆ ಓರೆ ಮಾಡಿದರೆ ಮಾತ್ರ, ಬೆಳ್ಳಿಯ ಕೂದಲಿನ ಹಾಗೆ, ಮಿಂಚಿ ಆರುತ್ತಿತ್ತು.

ಅಂದು ಸಂಜೆ ಗಾಜಿನ ತಾತನ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಯಾರದೋ ಮನೆಯ ತೊಟ್ಟಿಗೆ ಗೀರು ಬಿದ್ದಿದೆ ಎಂದು ಶುರುಮಾಡಿದಳು.

“ಯಾರದೋ?” ತಾತ ಕನ್ನಡಕದ ಮೇಲಿನಿಂದ ನೋಡಿದ. “ಯಾರದೋ ಮನೆಗೆ ಇಷ್ಟು ಮುಖ ಬಾಡಿಸ್ಕೋತಾರೇನಮ್ಮ?”

“ಕೇಳಿದ್ದಕ್ಕೆ ಹೇಳಿ ತಾತ.”

ಅವನು ಒಂದು ತುಂಡು ಗಾಜು ತೆಗೆದು ಗೆರೆ ಎಳೆದ. ಏಟು ಕೊಡಲಿಲ್ಲ. ಅವಳ ಕೈಗಿಟ್ಟ. “ನೋಡು, ಇದು ಬರೀ ಗೀರು. ಬೆಳ್ಳಗೆ ಮಂಕಾಗಿರುತ್ತೆ. ಇದನ್ನ ಹೀಗೇ ಇಟ್ರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರಬಹುದು. ನಾನು ಕುಟ್ಟಬೇಕು, ಇಲ್ಲಾ ಯಾರಾದ್ರೂ ಕುಟ್ಟಬೇಕು.”

“ಅದಕ್ಕೆ ಹೊಳೆಯೋ ಎಳೆ ಬಂದ್ರೆ?”

ತಾತ ಮೊನೆಯನ್ನು ಒರೆಸಿ ಡಬ್ಬಿಗೆ ಹಾಕಿದ. “ಆಗ ಅದು ಗೀರಲ್ಲ, ಬಿರುಕು. ಗಾಜು ಒಳಗೊಳಗೇ ಬಿಟ್ಕೊಳ್ತಿದೆ ಅಂತ. ನೀರು ತುಂಬಿದ್ರೆ ಮೊದಲು ಬೆವರುತ್ತೆ. ಒಂದೊಂದೇ ಹನಿ, ಒರೆಸಿದ್ರೆ ಹೋಗುತ್ತೆ, ಮತ್ತೆ ಬರುತ್ತೆ. ಸದ್ದು ಆಮೇಲೆ.” ಡಬ್ಬಿಯ ಮುಚ್ಚಳ ಒತ್ತಿ, “ಆ ಯಾರದೋ ಮನೆಯವರಿಗೆ ಹೇಳು, ಅದರ ಮುಂದೆ ಯಾರೂ ಕೂರೋದು ಬೇಡ ಅಂತ,” ಎಂದ.

ಮೇಲೆ ಹೋದಾಗ ಗುಬ್ಬಿ ಕನ್ನಡಿಯ ಮುಂದೆ ಕೂದಲು ಬಾಚುತ್ತಿದ್ದಳು.

“ನಾಳೆಯಿಂದ ಆ ಕುರ್ಚಿ ಈ ಕಡೆ ಎಳ್ಕೊಂಡು ಕೂತ್ಕೋ.”

“ಎಲ್ಲಿಗೆ ಎಳೀಲಿ? ಫೋನು, ಕಂಪ್ಯೂಟರು ಎಲ್ಲದರ ತಂತೀನೂ ನೆಲಕ್ಕೆ ಹೂತಿದ್ದಾರೆ. ಏನಂತ ಹೇಳ್ಲಿ? ನನ್ನ ಚಿಕ್ಕಮ್ಮನಿಗೆ ಕನಸು ಬಿತ್ತು ಅಂತಾನಾ?”

“ಗುಬ್ಬಿ, ಅದು ಬಿರುಕು ಬಿಡ್ತಿದೆ. ನಾನು ಹೇಳಿಬಿಡ್ತೀನಿ.”

ಬಾಚಣಿಗೆ ನಿಂತಿತು. “ಹೇಳು. ನನ್ನ ಕೆಲಸ ಹೋಗುತ್ತೆ. ಆಮೇಲೆ ನಾನೂ ನಿನ್ನ ಹಿಂದೆ ಬಕೆಟ್ ಹಿಡ್ಕೊಂಡು ಮನೆ ಮನೆ ಸುತ್ತುತೀನಿ. ತುಟಿಗೆ ಪಾಚಿ ಬಳ್ಕೊಂಡು. ಅದೇ ಬೇಕಿತ್ತಲ್ವಾ ನಿನಗೆ?”

ಅಂದ ಕೂಡಲೇ ಗುಬ್ಬಿಗೂ ಹೆಚ್ಚಾಯಿತೆನಿಸಿರಬೇಕು. ಎದ್ದು ಬಂದು ಚಿಕ್ಕಮ್ಮನ ಚೀಲದಿಂದ ಒದ್ದೆ ಬಟ್ಟೆ ತೆಗೆದು, ಹಿಂಡಿ, ಒಣಹಾಕಿದಳು. ಇಬ್ಬರೂ ಊಟ ಮಾಡಿದರು.

ಚಿಕ್ಕಮ್ಮ ತನಗೆ ತಿಳಿದ ದಾರಿ ಹಿಡಿದಳು. ನೀರು ಕಡಿಮೆಯಾದರೆ ಗಾಜಿನ ಮೇಲಿನ ಒತ್ತಡ ಕಡಿಮೆ. ಹೋದಾಗಲೆಲ್ಲ ಕೊಳವೆ ಇಳಿಸಿ ಎರಡು ಬಕೆಟ್ ಹೆಚ್ಚಿಗೆ ಎಳೆದು ಮೋರಿಗೆ ಚೆಲ್ಲುತ್ತಿದ್ದಳು. ಯಾರಾದರೂ ಕೇಳಿದರೆ, “ಬಿಸಿಲಿಗೆ ಆರುತ್ತೆ,” ಎನ್ನುತ್ತಿದ್ದಳು. ನೀರಿನ ಮಟ್ಟ ಮೆಲ್ಲಗೆ ಇಳಿಯಿತು. ಹೊಳೆಯುವ ಎಳೆ ಇದ್ದಲ್ಲೇ ಇತ್ತು. ರಾತ್ರಿ ಅವಳಿಗೆ ತುಸು ನಿದ್ದೆ ಬರತೊಡಗಿತು.

ಒಂದು ಬೆಳಿಗ್ಗೆ ಗುಬ್ಬಿ ಬುತ್ತಿ ಹಿಡಿದು ಮೆಟ್ಟಿಲಿಳಿಯುತ್ತಾ ತಿರುಗಿ, “ಹಾಂ, ನೀನು ನೀರು ಕಮ್ಮಿ ಇದೆ ಅಂತ ಚಿಂತೆ ಮಾಡಬೇಡ. ನೆಲ ಒರೆಸೋ ಅಕ್ಕ ನಿನ್ನೆ ಪೈಪ್ ಹಾಕಿ ತುಂಬಿಸಿದ್ರು. ಅಂಚಿನವರೆಗೂ. ಡಾಕ್ಟರಮ್ಮ ಹೇಳಿದ್ರಂತೆ, ಚಿಕ್ಕಮ್ಮನಿಗೆ ವಯಸ್ಸಾಯ್ತು, ಅವರು ಬಕೆಟ್ ಹೊರೋದು ಬೇಡ ಅಂತ,” ಎಂದಳು. ಆಮೇಲೆ ನಗುತ್ತಾ, “ಎಸಿ ಕೂಡ ಕೆಟ್ಟಿದೆ ಅನ್ಸುತ್ತೆ. ನಿನ್ನೆಯಿಂದ ಕತ್ತಿಗೆ ತಣ್ಣಗೆ ಏನೋ ಬಿದ್ದ ಹಾಗಾಗುತ್ತೆ,” ಎಂದು ಹೋದಳು.

ಕೆಳಗೆ ಕಿರ್ರೆಂದಿತು. ಚಿಕ್ಕಮ್ಮ ಟಕ್‌ಗೆ ಕಾಯಲಿಲ್ಲ. ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ಚೀಲವನ್ನೂ ತೆಗೆದುಕೊಳ್ಳದೆ ಹೊರಟಳು.

ಅದು ಅವಳು ತೊಟ್ಟಿ ತೊಳೆಯುವ ದಿನವಲ್ಲ. ಆಸ್ಪತ್ರೆಯ ಬಾಗಿಲು ತಳ್ಳಿದಾಗ ನೆಲ ಒರೆಸುವವಳು, “ಇವತ್ತೇನು ಚಿಕ್ಕಮ್ಮ, ಹಲ್ಲು ನೋವಾ?” ಎಂದು ತಮಾಷೆ ಮಾಡಿದಳು. ತೊಟ್ಟಿ ತುಂಬಿ ನಿಂತಿತ್ತು. ದೀಪದ ಬೆಳಕು ನೀರಿನ ತುದಿಯಂಚಿನಲ್ಲಿ ಅದುರುತ್ತಿತ್ತು. ಗೋಡೆಯಾಚೆ ಯಂತ್ರ ಕೆಲಸ ಶುರುಮಾಡಿತ್ತು. ಮೀನುಗಳೆಲ್ಲ ಬಲ ತುದಿಗೆ ಸೇರಿ, ಒಂದರ ಮೇಲೊಂದು, ಬಾಯಿ ಆಡಿಸುತ್ತಿದ್ದವು. ಗುಬ್ಬಿ ತನ್ನ ಕುರ್ಚಿಯಲ್ಲಿದ್ದಳು.

“ಎದ್ದೇಳು.”

“ಇಲ್ಲಿ ಶುರು ಮಾಡಬೇಡ,” ಗುಬ್ಬಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

“ಎದ್ದು ಆ ಕಿಟಕಿ ಹತ್ರ ನಿಲ್ಲು. ನಾನು ಬರೋವರೆಗೆ. ನಿನ್ನ ಅಮ್ಮನ ಆಣೆ.”

ಅಮ್ಮನ ಹೆಸರನ್ನು ಚಿಕ್ಕಮ್ಮ ಹಾಗೆ ಎಂದೂ ಎತ್ತಿರಲಿಲ್ಲ. ಗುಬ್ಬಿ ಮುಖ ಕೆಂಪಗೆ ಮಾಡಿಕೊಂಡು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

ಡಾಕ್ಟರಮ್ಮ ತಮ್ಮ ಕೋಣೆಯಲ್ಲಿ ಸಲಕರಣೆ ಜೋಡಿಸುತ್ತಿದ್ದರು. ಚಿಕ್ಕಮ್ಮ ಬಾಗಿಲಲ್ಲೇ ನಿಂತಳು, ಅಲ್ಲಿಂದ ಕಾಯುವ ಕೋಣೆ ಪೂರ್ತಿ ಕಾಣುತ್ತಿತ್ತು. ಒಂದೇ ಉಸಿರಿಗೆ ಹೇಳಿದಳು: ತೊಟ್ಟಿಗೆ ಗೀರು ಬಿದ್ದಿದೆ, ಗಿಡ ನೆಟ್ಟು ಮುಚ್ಚಿದ್ದು ತಾನೇ, ಗೀರಿಗೆ ಈಗ ಬಿರುಕು ಹುಟ್ಟಿದೆ, ನೀರು ಇಳಿಸಬೇಕು, ಈಗಲೇ.

ಅವರು ಕೂಗಾಡುತ್ತಾರೆಂದು ಕಾದಳು. ಡಾಕ್ಟರಮ್ಮ ಕೈಯಲ್ಲಿದ್ದದ್ದನ್ನು ತಟ್ಟೆಯಲ್ಲಿಟ್ಟರು.

“ಅಷ್ಟೇನಾ? ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಮಗೆ?”

“ಯಜಮಾನರು ಕಟ್ಟಿದ್ದು. ಒಂದು ಗೀರೂ ಬೀಳಬಾರದು ಅಂತ...”

“ಯಾರು ಹೇಳಿದ್ರು? ಅವರೇ ಮೊದಲ ದಿನ ಗೀರು ಹಾಕಿದ್ರು. ಬಲಗಡೆ ಮೇಲಿನ ಮೂಲೆ, ನೀವು ನೋಡಿಲ್ವಾ? ಅವರ ಉಂಗುರದ್ದು. ನಾನು ದಿನಾ ಸಂಜೆ ಅದನ್ನೇ ನೋಡ್ತಾ ಕೂರೋದು.” ಅವರು ಕೋಟು ಸರಿಪಡಿಸಿಕೊಂಡರು. “ಆ ಕೊರೆಯೋರಿಗೆ ನಿಲ್ಲಿಸೋಕೆ ಹೇಳ್ತೀನಿ. ಮೀನನ್ನೆಲ್ಲ ಡ್ರಮ್‌ಗೆ ಹಾಕಿಸೋಣ. ಆದ್ರೆ ಒಂದು ಮಾತು ಚಿಕ್ಕಮ್ಮ. ನಿಮ್ಮ ಕೈ ತಪ್ಪೋದಲ್ಲ. ಇದು ಹೇಗಾಯ್ತು?”

ಹೊರಗೆ ಫೋನ್ ರಿಂಗಾಯಿತು. ಯಾರೂ ಎತ್ತಲಿಲ್ಲ. ಮತ್ತೆ ರಿಂಗಾಯಿತು.

“ಆವತ್ತು ನನಗೆ ಜ್ವರ ಡಾಕ್ಟರಮ್ಮ,” ಎಂದಳು ಚಿಕ್ಕಮ್ಮ. ಇಷ್ಟು ವರ್ಷ ಹೊತ್ತ ಆ ಪುಟ್ಟ ಗೀರು ತನ್ನದಲ್ಲವೆಂಬುದು ಇನ್ನೂ ಅವಳ ಮನಸ್ಸಿಗೆ ಇಳಿದಿರಲಿಲ್ಲ. “ತಪ್ಪು ನಂದು. ಬೇರೆ ಕೈಗೆ ಕೊಡಬಾರದು ಅಂದಿದ್ರಿ. ದಾರ ಕಟ್ಟು ಅಂತ ಹೇಳಿದ್ದೆ, ಆದ್ರೆ ನಾನೇ ಎದ್ದು ಹೋಗಬೇಕಿತ್ತು, ಅವಳಿನ್ನೂ...”

ಕಿಟಕಿಯ ಹತ್ತಿರ ಗುಬ್ಬಿ ಇರಲಿಲ್ಲ. ಅವಳು ಕುರ್ಚಿಯಲ್ಲಿ ಕೂತಿದ್ದಳು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿ, ನಗುಮೊಗದಲ್ಲಿ ಯಾರಿಗೋ ಸಮಯ ಹೇಳುತ್ತಿದ್ದಳು. ಮಾತಾಡುತ್ತಲೇ ಎಡಗೈ ಹಿಂದಕ್ಕೆ ಒಯ್ದು ಕತ್ತನ್ನು ಒರೆಸಿಕೊಂಡಳು. ಕೈಯನ್ನು ನೋಡದೆ ಬಟ್ಟೆಗೆ ಒರೆಸಿದಳು. ಮತ್ತೆ ಕತ್ತಿಗೆ ಒಯ್ದಳು.

“ಅವಳಿನ್ನೂ ಏನು, ಚಿಕ್ಕಮ್ಮ?” ಡಾಕ್ಟರಮ್ಮ ಕೇಳಿದರು.

“ಅವಳಿನ್ನೂ ಚಿಕ್ಕವಳು, ಅವಳಿಗೆ ನಾನು,” ಎನ್ನುತ್ತಿದ್ದವಳು ಮಾತನ್ನು ಅಲ್ಲೇ ಬಿಟ್ಟು, ಬಾಗಿಲಿನ ಚೌಕಟ್ಟಿನಿಂದ ಕೈ ತೆಗೆದು, ಒರೆಸಿದ ಒದ್ದೆ ನೆಲದ ಮೇಲೆ, ಓಡಿದರೆ ನೆಲ ನಡುಗೀತೆಂದು ಓಡದೆ, ಆ ಕುರ್ಚಿಯ ಕಡೆಗೆ ನಡೆದಳು.